ಹಾಲಿನ ಹಾದಿಯಲ್ಲಿ ಹಳ್ಳಿಗಳನ್ನು ಕಟ್ಟಿದ ತ್ರಿಭುವನದಾಸ ಪಟೇಲ್

ಭಾರತದ ಕ್ಷೀರಕ್ರಾಂತಿಯ ಮಾತು ಬಂದಾಗಲೆಲ್ಲ ನಮ್ಮ ನಾಲಿಗೆಯ ಮೇಲೆ ಮೊದಲು ಬರುವ ಹೆಸರು ಡಾ. ವರ್ಗೀಸ್ ಕುರಿಯನ್ ಅವರದು. ಅದು ನ್ಯಾಯವೇ. ಆದರೆ ಕುರಿಯನ್ ಅವರು ಆನಂದ್ ಪಟ್ಟಣಕ್ಕೆ ಕಾಲಿಡುವ ಮೊದಲೇ ಅಲ್ಲಿ ರೈತರ ಹಾಲಿನ ಸಂಘವೊಂದು ಹುಟ್ಟಿತ್ತು. ಅದಕ್ಕೆ ಒಬ್ಬ ಅಧ್ಯಕ್ಷರಿದ್ದರು. ಖಾದಿ ತೊಟ್ಟು ಹಳ್ಳಿಯಿಂದ ಹಳ್ಳಿಗೆ ತಿರುಗಿ, ಒಂದೆರಡು ಎಮ್ಮೆಗಳನ್ನು ಸಾಕಿಕೊಂಡಿದ್ದ ಬಡ ಒಕ್ಕಲುಗಳನ್ನು ಒಂದುಗೂಡಿಸಿದ ಆ ಮಹನೀಯರೇ ತ್ರಿಭುವನದಾಸ ಕಿಶಿಭಾಯಿ ಪಟೇಲ್. ಅವರು ಗತಿಸಿ ಮೂರು ದಶಕಗಳು ಕಳೆದಿವೆ. ಅವರು ಕಟ್ಟಿದ ಸಂಸ್ಥೆಯ ಬೆಣ್ಣೆ ನಮ್ಮ ಮನೆಗಳಲ್ಲಿದೆ, ಅವರ ಹೆಸರು ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿಯದು. ಸಂಘಸಂಸ್ಥೆಗಳನ್ನು ಕಟ್ಟಿ, ನಡೆಸಿ, ಅವುಗಳ ಸುಖದುಃಖಗಳನ್ನು ಕಂಡ ಹೊರನಾಡ ಕನ್ನಡಿಗರಾದ ನಾವು ಅವರ ಬದುಕನ್ನು ಅರಿಯುವುದು ಎರಡು ಕಾರಣಗಳಿಂದ ಉಚಿತವೆಂದು ಭಾವಿಸುತ್ತೇವೆ. ಮುಂಬಯಿಯ ಹಾಲಿನ ಕಥೆ ಅವರ ಕಥೆಯೊಡನೆ ಹೆಣೆದುಕೊಂಡಿದೆ ಎಂಬುದು ಒಂದು. ಸಂಸ್ಥೆಯೊಂದು ಯಾರದು ಎಂಬ ಪ್ರಶ್ನೆಗೆ ಅವರು ತಮ್ಮ ನಡೆಯಿಂದ ಉತ್ತರ ಕೊಟ್ಟರು ಎಂಬುದು ಮತ್ತೊಂದು.

ಹುಟ್ಟು, ನೆಲ ಮತ್ತು ಕಾಲ

ತ್ರಿಭುವನದಾಸರು ಜನಿಸಿದ್ದು 1903ರ ಅಕ್ಟೋಬರ್ 22ರಂದು, ಗುಜರಾತಿನ ಖೇಡಾ ಜಿಲ್ಲೆಯ ಆನಂದ್‌ನಲ್ಲಿ. ಇಂದು ಆನಂದ್ ಪ್ರತ್ಯೇಕ ಜಿಲ್ಲೆ. ಅಂದು ಅದು ಖೇಡಾ ಜಿಲ್ಲೆಯ ಒಂದು ಸಣ್ಣ ಪಟ್ಟಣ, ಮುಂಬಯಿಯಿಂದ ಅಹಮದಾಬಾದಿಗೆ ಹೋಗುವ ರೈಲುದಾರಿಯ ಒಂದು ನಿಲ್ದಾಣ. ಸುತ್ತಲಿನ ಸೀಮೆಗೆ ಚರೋತರ್ ಎಂದು ಹೆಸರು. ಭೂಮಿ ಫಲವತ್ತಾದುದು, ಹೊಗೆಸೊಪ್ಪು ಅಲ್ಲಿನ ಮುಖ್ಯ ಬೆಳೆಗಳಲ್ಲಿ ಒಂದು. ಆದರೆ ಹಿಡುವಳಿಗಳು ಸಣ್ಣವು, ಹೊಲವೇ ಇಲ್ಲದ ಕುಟುಂಬಗಳೂ ಬಹಳ. ಅಂತಹ ಮನೆಗಳಿಗೆ ಹಿತ್ತಿಲ ಎಮ್ಮೆಯೇ ಆಪತ್ಕಾಲದ ಬಂಧು.

ಗುಜರಾತು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳೂ ಅದೇ ಪ್ರಾಂತದಲ್ಲಿದ್ದವು ಎಂಬುದನ್ನು ಇಲ್ಲಿ ನೆನೆಯಬಹುದು. ಬ್ರಿಟಿಷ್ ಸರಕಾರ 1904ರಲ್ಲಿ ಸಹಕಾರ ಸಂಘಗಳ ಕಾಯಿದೆಯನ್ನು ತಂದ ಮರುವರ್ಷವೇ, 1905ರಲ್ಲಿ, ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಬೇಕೆಂಬ ಆ ಕನ್ನಡಿಗರ ಪ್ರಯತ್ನಕ್ಕೂ, ನಾಲ್ಕು ದಶಕಗಳ ನಂತರ ದಲ್ಲಾಳಿಯ ಕೈಯಿಂದ ಹಾಲನ್ನು ಬಿಡಿಸಬೇಕೆಂದು ಖೇಡಾದಲ್ಲಿ ನಡೆದ ಪ್ರಯತ್ನಕ್ಕೂ ಒಂದೇ ಕಾಳಜಿ ಮೂಲವಾಗಿತ್ತು.

ತ್ರಿಭುವನದಾಸರ ಬಾಲ್ಯ ಮತ್ತು ಯೌವನದ ಕಾಲದಲ್ಲಿ ಖೇಡಾ ಜಿಲ್ಲೆ ರಾಷ್ಟ್ರೀಯ ಹೋರಾಟದ ಕಣವಾಯಿತು. ಬೆಳೆ ಕೈಕೊಟ್ಟ ವರ್ಷದಲ್ಲಿಯೂ ಕಂದಾಯಕ್ಕೆ ಒತ್ತಾಯಿಸಿದ ಸರಕಾರದ ವಿರುದ್ಧ 1918ರಲ್ಲಿ ಗಾಂಧೀಜಿ ಮತ್ತು ವಲ್ಲಭಭಾಯಿ ಪಟೇಲರು ಖೇಡಾ ಸತ್ಯಾಗ್ರಹವನ್ನು ನಡೆಸಿದರು. ವಲ್ಲಭಭಾಯಿ ಅವರ ಹಿರಿಯರ ಊರು ಕರಮಸದ ಆನಂದ್‌ಗೆ ಹತ್ತಿರದಲ್ಲಿಯೇ ಇದೆ. ಹದಿನೈದರ ಹರೆಯದಲ್ಲಿದ್ದ ತ್ರಿಭುವನದಾಸರ ಕಣ್ಣೆದುರೇ ನಿರಕ್ಷರ ಒಕ್ಕಲಿಗರು ಒಗ್ಗಟ್ಟಿನಿಂದ ಸರಕಾರವನ್ನು ಎದುರಿಸಿ ನಿಂತರು. ಮುಂದೆ ಅವರು ಗಾಂಧೀಜಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠದಲ್ಲಿ ಓದಿದರು, ಸರದಾರರ ಅನುಯಾಯಿಯಾದರು. ಸ್ವಾತಂತ್ರ್ಯ ಚಳವಳಿಯಲ್ಲಿ 1930, 1935 ಮತ್ತು 1942ರಲ್ಲಿ ಸೆರೆವಾಸವನ್ನು ಅನುಭವಿಸಿದರು. ಸೆರೆಮನೆ ಅವರಿಗೆ ಕಲಿಸಿದ್ದು ತಾಳ್ಮೆಯನ್ನು. ಆ ತಾಳ್ಮೆಯೇ ಮುಂದೆ ಹಾಲಿನ ಸಂಘಕ್ಕೆ ಮೂಲಧನವಾಯಿತು ಎಂದರೆ ತಪ್ಪಾಗಲಾರದು.

ಮುಂಬಯಿಗೆ ಹಾಲು, ಖೇಡಾಕ್ಕೆ ಹೊಟ್ಟು

ಆ ಕಾಲದ ಆನಂದ್‌ನಲ್ಲಿ ಹಾಲಿನ ವ್ಯಾಪಾರವೆಂದರೆ ಪೋಲ್ಸನ್ ಕಂಪನಿಯ ವ್ಯಾಪಾರ. ಮುಂಬಯಿಯಲ್ಲಿ ಕಾಫಿಪುಡಿಯ ವ್ಯಾಪಾರದಿಂದ ಆರಂಭಿಸಿ ಬೆಣ್ಣೆಯಲ್ಲಿ ಹೆಸರು ಮಾಡಿದ ಪೆಸ್ತನ್‌ಜಿ ಎಡುಲ್‌ಜಿ ದಲಾಲ್ ಅವರು 1930ರ ಸುಮಾರಿಗೆ ಆನಂದ್‌ನಲ್ಲಿ ಆಧುನಿಕ ಡೇರಿಯನ್ನು ನಿರ್ಮಿಸಿದ್ದರು. ಪೋಲ್ಸನ್ ಬೆಣ್ಣೆಯನ್ನು ನಮ್ಮ ಹಿರಿಯರಲ್ಲಿ ಹಲವರು ಇಂದಿಗೂ ನೆನೆಯುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ ಜನಸಂಖ್ಯೆ ಏರಿತು, ಶುದ್ಧ ಹಾಲಿನ ಕೊರತೆ ತೀವ್ರವಾಯಿತು. ಆಗ ಪ್ರಾಂತೀಯ ಸರಕಾರ 1945ರಲ್ಲಿ ಮುಂಬಯಿ ಹಾಲು ಯೋಜನೆಯನ್ನು ಆರಂಭಿಸಿತು. ಸುಮಾರು 425 ಕಿ.ಮೀ. ದೂರದ ಆನಂದ್‌ನಿಂದ ಹಾಲನ್ನು ಪಾಶ್ಚರೀಕರಿಸಿ ರೈಲಿನಲ್ಲಿ ತರಿಸುವ ವ್ಯವಸ್ಥೆಯಾಯಿತು. ಹಾಲು ಸಂಗ್ರಹಿಸುವ ಹಕ್ಕು ಪೋಲ್ಸನ್ ಕಂಪನಿಗೆ ದೊರೆಯಿತು.

ಈ ವ್ಯವಸ್ಥೆ ಎಲ್ಲರಿಗೂ ಹಿತವಾಗಿತ್ತು, ಎಮ್ಮೆ ಸಾಕಿದವರನ್ನು ಬಿಟ್ಟು. ನಗರಕ್ಕೆ ಹಾಲು ಬಂತು, ಕಂಪನಿಗೆ ಲಾಭ ಬಂತು, ಹಳ್ಳಿಗಳಲ್ಲಿ ಹಾಲು ಕೂಡಿಸುವ ಗುತ್ತಿಗೆದಾರರಿಗೆ ಕಮಿಷನ್ ಬಂತು. ನಸುಕಿನಲ್ಲಿ ಎದ್ದು ಸಗಣಿ ಬಾಚಿ, ಮೇವು ಹಾಕಿ, ಹಾಲು ಕರೆದ ಹೆಣ್ಣುಮಗಳಿಗೆ ಬಂದದ್ದು ದಲ್ಲಾಳಿ ಹೇಳಿದ ದರ ಮಾತ್ರ. ಹಾಲು ಬೆಳೆಯಂತಲ್ಲ. ಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ಒಳ್ಳೆಯ ದರ ಬರುವವರೆಗೆ ಕಾಯಬಹುದು, ಕರೆದ ಹಾಲನ್ನು ಮಧ್ಯಾಹ್ನದವರೆಗೂ ಇಡಲಾಗದು. ಕೊಳ್ಳುವವನೊಬ್ಬನೇ ಇದ್ದಾಗ ಮಾರುವವನಿಗೆ ಮಾತೇ ಇಲ್ಲ. ಚಳಿಗಾಲದಲ್ಲಿ ಹಾಲು ಹೆಚ್ಚಾದಾಗಲಂತೂ ದರ ಇನ್ನೂ ಕುಸಿಯುತ್ತಿತ್ತು.

ಬೇಸತ್ತ ಒಕ್ಕಲಿಗರು ಸರದಾರ ಪಟೇಲರ ಬಳಿ ಹೋದರು. ತಮ್ಮ ಹಾಲನ್ನು ತಾವೇ ಸಂಗ್ರಹಿಸಿ, ತಾವೇ ಸಂಸ್ಕರಿಸಿ, ತಮ್ಮದೇ ಸಹಕಾರ ಸಂಘದ ಮೂಲಕ ಮಾರಬೇಕು, ಸರಕಾರ ಒಪ್ಪದಿದ್ದರೆ ಹಾಲು ಕೊಡುವುದನ್ನೇ ನಿಲ್ಲಿಸಬೇಕು ಎಂಬುದು ಸರದಾರರ ಸಲಹೆಯಾಗಿತ್ತು. ಹಾಗೆ ನಿಲ್ಲಿಸಿದರೆ ಕೆಲದಿನ ನಷ್ಟ ತಪ್ಪದು, ಅದನ್ನು ತಾಳುವ ಶಕ್ತಿ ಇದೆಯೇ ಎಂದೂ ಅವರು ಕೇಳಿದರು. ರೈತರು ಒಪ್ಪಿದರು. ಸರದಾರರು ಮೊರಾರ್ಜಿ ದೇಸಾಯಿಯವರನ್ನು ಖೇಡಾಕ್ಕೆ ಕಳುಹಿಸಿದರು. 1946ರ ಜನವರಿ 4ರಂದು ಸಮರ್ಖಾ ಗ್ರಾಮದಲ್ಲಿ ಸಭೆ ಸೇರಿತು. ಪ್ರತಿ ಹಳ್ಳಿಯಲ್ಲಿಯೂ ಹಾಲು ಉತ್ಪಾದಕರ ಸಂಘ, ಅವೆಲ್ಲವನ್ನೂ ಕೂಡಿಸುವ ಒಂದು ಜಿಲ್ಲಾ ಒಕ್ಕೂಟ, ಸರಕಾರ ಹಾಲು ಕೊಳ್ಳುವುದಾದರೆ ಆ ಒಕ್ಕೂಟದಿಂದಲೇ ಕೊಳ್ಳಬೇಕು ಎಂದು ನಿರ್ಣಯವಾಯಿತು. ಈ ಕಾರ್ಯದ ಹೊಣೆ ತ್ರಿಭುವನದಾಸರ ಹೆಗಲಿಗೆ ಬಂತು.

ಹದಿನೈದು ದಿನಗಳ ಮುಷ್ಕರ

ಸರಕಾರ ಬೇಡಿಕೆಯನ್ನು ತಳ್ಳಿಹಾಕಿದಾಗ ಹಾಲಿನ ಮುಷ್ಕರ ಆರಂಭವಾಯಿತು. ಕಾರ್ಖಾನೆಯ ಮುಷ್ಕರಗಳನ್ನು ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಾವು ಬಲ್ಲೆವು. ಯಂತ್ರವನ್ನು ನಿಲ್ಲಿಸಬಹುದು, ಎಮ್ಮೆಯ ಕೆಚ್ಚಲನ್ನು ನಿಲ್ಲಿಸಲಾಗದು. ದಿನಕ್ಕೆ ಎರಡು ಬಾರಿ ಕರೆಯಲೇಬೇಕು, ಕರೆದದ್ದನ್ನು ಮಾರಬಾರದು. ನಾಳಿನ ಉಪ್ಪು ಎಣ್ಣೆಗೆ ಇಂದಿನ ಹಾಲಿನ ಹಣವನ್ನೇ ನೆಚ್ಚಿಕೊಂಡ ಮನೆಗಳಿಗೆ ಇದು ಸಣ್ಣ ಪರೀಕ್ಷೆಯಾಗಿರಲಿಲ್ಲ. ತ್ರಿಭುವನದಾಸರು ಹಳ್ಳಿಯಿಂದ ಹಳ್ಳಿಗೆ ನಡೆದರು. ಭಾಷಣಕಾರರೆಂದು ಅವರಿಗೆ ಹೆಸರಿರಲಿಲ್ಲ. ಜಗಲಿಯಲ್ಲಿ ಕುಳಿತು ಜನರ ಮಾತು ಕೇಳುವುದು, ಕೊನೆಗೆ ಎರಡು ಮಾತು ಹೇಳುವುದು, ಮರುದಿನ ಮತ್ತೆ ಬರುವುದು, ಇಷ್ಟೇ ಅವರ ರೀತಿ. ಹದಿನೈದು ದಿನಗಳ ಕಾಲ ಖೇಡಾದ ಹಾಲು ಮುಂಬಯಿಗೆ ಹೋಗಲಿಲ್ಲ. ಹಾಲು ಯೋಜನೆ ಕುಸಿಯುವ ಸ್ಥಿತಿಗೆ ಬಂದಾಗ ಹಾಲು ಆಯುಕ್ತರೇ ಆನಂದ್‌ಗೆ ಬಂದು ರೈತರ ಬೇಡಿಕೆಯನ್ನು ಒಪ್ಪಿದರು.

1946ರ ಡಿಸೆಂಬರ್ 14ರಂದು ಖೇಡಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ ನೋಂದಣಿಯಾಯಿತು. ತ್ರಿಭುವನದಾಸರು ಅದರ ಅಧ್ಯಕ್ಷರಾದರು. ಆರಂಭದಲ್ಲಿ ಇದ್ದದ್ದು ಎರಡು ಹಳ್ಳಿಗಳ ಸಂಘ, ದಿನಕ್ಕೆ ಸುಮಾರು 250 ಲೀಟರು ಹಾಲು. 1948ರ ಜೂನ್ ತಿಂಗಳಲ್ಲಿ ಒಕ್ಕೂಟ ಮುಂಬಯಿ ಯೋಜನೆಗಾಗಿ ಹಾಲನ್ನು ಪಾಶ್ಚರೀಕರಿಸತೊಡಗಿತು. ಆ ವರ್ಷದ ಕೊನೆಗೆ ದಿನದ ಸಂಗ್ರಹ 5,000 ಲೀಟರಿಗೆ ಏರಿತು. ಎರಡು ವರ್ಷಗಳಲ್ಲಿ ಇಪ್ಪತ್ತು ಪಟ್ಟು ಬೆಳೆದ ಈ ಸಂಸ್ಥೆಗೆ ಆಗ ಇದ್ದದ್ದು ಹಳೆಯ, ಪದೇ ಪದೇ ಕೆಡುತ್ತಿದ್ದ ಯಂತ್ರಗಳು ಮಾತ್ರ.

ಮಲಯಾಳಿ ಎಂಜಿನಿಯರ್ ಮತ್ತು ಗುಜರಾತಿ ಅಧ್ಯಕ್ಷ

ಆ ಯಂತ್ರಗಳ ನೆಪದಿಂದಲೇ ಇಬ್ಬರು ಮಹನೀಯರ ಪರಿಚಯವಾಯಿತು. ಕೇರಳದ ಕೋಳಿಕ್ಕೋಡಿನಲ್ಲಿ ಹುಟ್ಟಿದ ವರ್ಗೀಸ್ ಕುರಿಯನ್ ಅವರು ಸರಕಾರಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕದಲ್ಲಿ ಓದಿ ಬಂದಿದ್ದರು. ಆ ವೇತನದ ಕರಾರಿನಂತೆ 1949ರ ಮೇ ತಿಂಗಳಲ್ಲಿ ಅವರನ್ನು ಆನಂದ್‌ನ ಸರಕಾರಿ ಕ್ರೀಮರಿಗೆ ಕಳುಹಿಸಲಾಯಿತು. ಆ ಊರು ಅವರಿಗೆ ಹಿಡಿಸಿರಲಿಲ್ಲ, ಕರಾರು ಮುಗಿದೊಡನೆ ಹೊರಡಲು ತವಕಿಸುತ್ತಿದ್ದರು. ಒಕ್ಕೂಟದ ಯಂತ್ರ ಕೆಟ್ಟಾಗಲೆಲ್ಲ ತ್ರಿಭುವನದಾಸರು ಈ ತರುಣನ ನೆರವನ್ನು ಬೇಡುತ್ತಿದ್ದರು. ಎಷ್ಟು ರಿಪೇರಿ ಮಾಡಿದರೂ ಫಲವಿಲ್ಲ, ಹೊಸ ಯಂತ್ರವನ್ನೇ ಕೊಳ್ಳಬೇಕು ಎಂದು ಕುರಿಯನ್ ಹೇಳಿದರು. ಅದರ ಬೆಲೆ ಸುಮಾರು 40 ಸಾವಿರ ರೂಪಾಯಿ. ಒಕ್ಕೂಟದ ಬಳಿ ಹಣವಿರಲಿಲ್ಲ. ತ್ರಿಭುವನದಾಸರು ತಮ್ಮ ಬಂಧುವೊಬ್ಬರಿಂದ ಸಾಲ ತಂದು ಆ ಯಂತ್ರವನ್ನು ಕೊಂಡರು ಎಂಬುದನ್ನು ಕುರಿಯನ್ ಅವರೇ ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ.

ಸರಕಾರಿ ಕೆಲಸ ಬಿಟ್ಟು ಮುಂಬಯಿಗೆ ಹೊರಡಲಿದ್ದ ಕುರಿಯನ್ ಅವರನ್ನು, ಹೊಸ ಯಂತ್ರ ಕೂಡಿಸುವವರೆಗಾದರೂ ಇರಿ ಎಂದು ತ್ರಿಭುವನದಾಸರು ಉಳಿಸಿಕೊಂಡರು. ಆ ಕೆಲವು ದಿನಗಳು ಒಂದು ಜೀವಮಾನವಾಯಿತು. 1950ರಲ್ಲಿ ಕುರಿಯನ್ ಒಕ್ಕೂಟದ ವ್ಯವಸ್ಥಾಪಕರಾದರು. ಅಮೆರಿಕದಲ್ಲಿ ಅವರಿಗೆ ಗೆಳೆಯರಾಗಿದ್ದ ಎಚ್. ಎಂ. ದಲಾಯಾ ಅವರೂ ಬಂದು ಸೇರಿದರು. ಹೀಗೆ ಮೂವರು ಕೂಡಿದರು. ಒಬ್ಬರದು ರೈತರ ವಿಶ್ವಾಸ, ಒಬ್ಬರದು ಆಡಳಿತದ ಛಲ, ಮತ್ತೊಬ್ಬರದು ಹಾಲಿನ ತಂತ್ರಜ್ಞಾನ.

ಈ ಕೂಟದ ಒಳಗುಟ್ಟನ್ನು ನಾವು ಗಮನಿಸಬೇಕು. ಕುರಿಯನ್ ಗುಜರಾತಿಯಲ್ಲ, ಸಸ್ಯಾಹಾರಿಯಲ್ಲ, ಹಿಂದೂ ಅಲ್ಲ, ಮಾತಿನಲ್ಲಿ ನಯಗಾರರೂ ಅಲ್ಲ. ಹಳ್ಳಿಯ ಪಾಟೀದಾರರ ನಡುವೆ ಅಂತಹವರೊಬ್ಬರು ಅರ್ಧ ಶತಮಾನ ನಿಂತು ಕೆಲಸ ಮಾಡಲು ಸಾಧ್ಯವಾದುದು ಹೇಗೆ? ಅಧ್ಯಕ್ಷರಾದವರು ಅವರ ಬೆನ್ನಿಗೆ ನಿಂತದ್ದರಿಂದ. ಹಾಲು ಎಲ್ಲಿ ಕೊಳ್ಳಬೇಕು, ಯಂತ್ರ ಯಾವುದು ಬೇಕು, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬ ವಿಷಯಗಳಲ್ಲಿ ತ್ರಿಭುವನದಾಸರು ಕೈಹಾಕಲಿಲ್ಲ. ಹಳ್ಳಿಗಳ ಜಗಳ, ರಾಜಕಾರಣಿಗಳ ಒತ್ತಡ, ರೈತರ ಅನುಮಾನ ಇವುಗಳನ್ನು ತಾವು ನೋಡಿಕೊಂಡರು. ನಮ್ಮ ನಾಡಿನಲ್ಲಿ ಚುನಾಯಿತ ಅಧ್ಯಕ್ಷ ಮತ್ತು ಸಂಬಳದ ಅಧಿಕಾರಿ ಪರಸ್ಪರ ಕಾಲೆಳೆದು ಮುಳುಗಿದ ಸಂಸ್ಥೆಗಳು ಎಷ್ಟೋ ಇವೆ. ಆನಂದ್ ಮುಳುಗಲಿಲ್ಲ. ಅಧಿಕಾರವಿದ್ದೂ ಕೈ ಹಿಂದಿಟ್ಟುಕೊಳ್ಳಬಲ್ಲ ಮನುಷ್ಯ ಅಲ್ಲಿ ಮೇಲಿನ ಕುರ್ಚಿಯಲ್ಲಿದ್ದರು.

ಎಮ್ಮೆಯ ಹಾಲು ಪುಡಿಯಾದುದು

ಮುಂಬಯಿ ಯೋಜನೆಗೆ ಹಾಲು ಕೊಡುವುದರಿಂದ ಸಮಸ್ಯೆ ಪೂರ್ತಿ ಬಗೆಹರಿಯಲಿಲ್ಲ. ಎಮ್ಮೆಗಳು ಚಳಿಗಾಲದಲ್ಲಿ ಬೇಸಗೆಗಿಂತ ಸುಮಾರು ಇಮ್ಮಡಿ ಹಾಲು ಕೊಡುತ್ತವೆ. ಹೆಚ್ಚಿನ ಹಾಲು ನಗರಕ್ಕೆ ಬೇಡವಾಗುತ್ತಿತ್ತು. ಬೇಡವಾದ ಹಾಲನ್ನು ಹೊತ್ತು ರೈತ ಮತ್ತೆ ದಲ್ಲಾಳಿಯ ಬಾಗಿಲಿಗೇ ಹೋಗಬೇಕು. ಒಕ್ಕೂಟ ಉಳಿಯಬೇಕಾದರೆ ಮಿಕ್ಕ ಹಾಲನ್ನು ಬೆಣ್ಣೆ ಮತ್ತು ಪುಡಿಯಾಗಿ ಮಾಡಲೇಬೇಕಾಗಿತ್ತು. ಜಿಡ್ಡು ಹೆಚ್ಚಿರುವ ಎಮ್ಮೆಯ ಹಾಲನ್ನು ಪುಡಿ ಮಾಡಲಾಗದು ಎಂಬುದು ವಿದೇಶಿ ಪರಿಣತರ ಅಭಿಪ್ರಾಯವಾಗಿತ್ತು. ದಲಾಯಾ ಅವರು ಅದನ್ನು ಸುಳ್ಳು ಮಾಡಿ ತೋರಿಸಿದರು.

ಯುನಿಸೆಫ್ ಯಂತ್ರಗಳನ್ನು ನೀಡಿತು, ಕೊಲಂಬೊ ಯೋಜನೆಯಡಿ ನ್ಯೂಜಿಲೆಂಡ್ ನೆರವಾಯಿತು. 1954ರ ನವೆಂಬರಿನಲ್ಲಿ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದರು ಶಿಲಾನ್ಯಾಸ ಮಾಡಿದರು. 1955ರ ಅಕ್ಟೋಬರ್ 31ರಂದು, ಸರದಾರರ ಜನ್ಮದಿನದಂದು, ಪ್ರಧಾನಿ ಜವಾಹರಲಾಲ ನೆಹರೂ ಅವರು ಹೊಸ ಡೇರಿಯನ್ನು ಉದ್ಘಾಟಿಸಿದರು. ಹದಿನೈದು ದಿನ ಹಾಲು ಮಾರದೆ ಕುಳಿತ ಒಕ್ಕಲಿಗರು ಹತ್ತು ವರ್ಷದೊಳಗೆ ಜಗತ್ತಿನಲ್ಲಿ ಎಮ್ಮೆಯ ಹಾಲನ್ನು ಪುಡಿ ಮಾಡುವ ಮೊದಲ ಕಾರ್ಖಾನೆಯ ಒಡೆಯರಾದರು. ಅಮೂಲ್ ಎಂಬ ಹೆಸರು ಬಂದುದು ಆ ವರ್ಷಗಳಲ್ಲಿಯೇ. ಅಮೂಲ್ಯ ಎಂಬ ಅರ್ಥವೂ ಅದರೊಳಗೆ ಅಡಗಿದೆ.

ಈ ಕಥೆಯಲ್ಲಿ ಕನ್ನಡ ನೆಲದ ಪಾಲೂ ಇದೆ. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ಕಂಡುಹಿಡಿದದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು. ಅದನ್ನು ಕೈಗೆತ್ತಿಕೊಂಡು ದೇಶಕ್ಕೆ ಉಣಿಸಿದ್ದು ಆನಂದ್‌ನ ಒಕ್ಕೂಟ. ವಿದೇಶದಿಂದ ಬರುತ್ತಿದ್ದ ಡಬ್ಬಿಗಳನ್ನೇ ನೆಚ್ಚಿಕೊಂಡಿದ್ದ ಮನೆಗಳಿಗೆ ದೇಶೀಯ ಡಬ್ಬಿ ದೊರೆತದ್ದು ಹೀಗೆ.

ಹಳ್ಳಿಯ ಸಂಘ ನಡೆಯುವ ಬಗೆ

ತ್ರಿಭುವನದಾಸರ ನಿಜವಾದ ಕೃತಿ ಕಾರ್ಖಾನೆಯಲ್ಲ, ಹಳ್ಳಿಯ ಸಂಘ. ಅದರ ರಚನೆ ಸರಳ. ಹಾಲು ಹಾಕುವವರು ಯಾರೇ ಆಗಲಿ, ಅಲ್ಪ ಪ್ರವೇಶಧನ ಕೊಟ್ಟು, ಒಂದು ಷೇರು ಕೊಂಡು ಸದಸ್ಯರಾಗಬಹುದು. ಹತ್ತು ಎಮ್ಮೆ ಇದ್ದವನಿಗೂ ಒಂದೇ ಮತ, ಒಂದು ಎಮ್ಮೆ ಇದ್ದವಳಿಗೂ ಒಂದೇ ಮತ. ಬೆಳಗ್ಗೆ ಮತ್ತು ಸಂಜೆ ಹಾಲು ಅಳೆಯುತ್ತಾರೆ, ಎಲ್ಲರ ಎದುರು ಜಿಡ್ಡಿನ ಅಂಶ ಪರೀಕ್ಷಿಸುತ್ತಾರೆ, ಆ ಲೆಕ್ಕದಂತೆ ಹಣ ಕೊಡುತ್ತಾರೆ. ಬೆಳಗಿನ ಹಾಲಿನ ಹಣ ಸಂಜೆಗೆ ಕೈಸೇರುತ್ತಿತ್ತು. ಹಳ್ಳಿ ಸಂಘಗಳ ಅಧ್ಯಕ್ಷರು ಕೂಡಿ ಜಿಲ್ಲಾ ಒಕ್ಕೂಟದ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಒಕ್ಕೂಟ ಹಾಲನ್ನು ಸಂಸ್ಕರಿಸುತ್ತದೆ, ಪಶುವೈದ್ಯರನ್ನು ಹಳ್ಳಿಗೆ ಕಳುಹಿಸುತ್ತದೆ, ಕೃತಕ ಗರ್ಭಧಾರಣೆ, ಪಶು ಆಹಾರಗಳ ವ್ಯವಸ್ಥೆ ಮಾಡುತ್ತದೆ. ವರ್ಷದ ಕೊನೆಯ ಲಾಭ ಬೋನಸ್ ರೂಪದಲ್ಲಿ ಸದಸ್ಯರಿಗೆ ಮರಳುತ್ತದೆ. ಒಂದಿಷ್ಟು ಶಾಲೆಗೆ, ರಸ್ತೆಗೆ, ಊರ ಕೆಲಸಕ್ಕೆ ಸಲ್ಲುತ್ತದೆ.

ಈ ಸರಳ ವ್ಯವಸ್ಥೆಯಲ್ಲಿ ಮೂರು ದೊಡ್ಡ ಬದಲಾವಣೆಗಳು ಹುದುಗಿದ್ದವು. ಮೊದಲನೆಯದು, ತೂಕ ಮತ್ತು ಪರೀಕ್ಷೆಯ ಪ್ರಾಮಾಣಿಕತೆ. ದಲ್ಲಾಳಿಯ ಕೈಯಳತೆಯ ಕಾಲ ಮುಗಿಯಿತು. ಎರಡನೆಯದು, ಸರದಿಯ ಸಾಲು. ಮೊದಲು ಬಂದವರು ಮುಂದೆ, ನಂತರ ಬಂದವರು ಹಿಂದೆ. ಬಾವಿಯ ಕಟ್ಟೆಯ ಮೇಲೆ ಒಟ್ಟಿಗೆ ನಿಲ್ಲದ ಜಾತಿಗಳು ಹಾಲಿನ ಸಾಲಿನಲ್ಲಿ ದಿನಕ್ಕೆ ಎರಡು ಬಾರಿ ಒಂದರ ಹಿಂದೆ ಒಂದು ನಿಂತವು. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಸೇರಿತು. ಇದರಿಂದ ಜಾತಿಭೇದ ಅಳಿಯಿತೆಂದು ನಾವು ಹೇಳುವುದಿಲ್ಲ, ಆದರೆ ಉಪದೇಶವಿಲ್ಲದೆಯೇ ಒಂದು ಗೋಡೆಯಲ್ಲಿ ಬಿರುಕು ಬಿಟ್ಟಿತು. ಮೂರನೆಯದು, ಹೆಣ್ಣುಮಕ್ಕಳ ಕೈಗೆ ಬಂದ ನಗದು. ಬೆಳೆಯ ಹಣ ವರ್ಷಕ್ಕೊಮ್ಮೆ ಗಂಡಸಿನ ಕೈಗೆ, ಹಾಲಿನ ಹಣ ದಿನವೂ ಮನೆಯ ಖರ್ಚಿಗೆ.

ಇಲ್ಲಿ ಒಂದು ಕೊರತೆಯನ್ನೂ ಹೇಳಬೇಕಾಗುತ್ತದೆ. ದುಡಿದವರು ಹೆಂಗಸರಾದರೂ ಸದಸ್ಯತ್ವದ ಪುಸ್ತಕದಲ್ಲಿ ಬಹುಮಟ್ಟಿಗೆ ಗಂಡಸರ ಹೆಸರೇ ಇರುತ್ತಿತ್ತು, ಆಡಳಿತ ಮಂಡಳಿಯಲ್ಲಂತೂ ಹೇಳುವುದೇ ಬೇಡ. ಮಹಿಳೆಯರೇ ನಡೆಸುವ ಸಂಘಗಳು ಹೆಚ್ಚಿನ ಸಂಖ್ಯೆಯಲ್ಲಿ ಬಂದುದು ನಂತರದ ದಶಕಗಳಲ್ಲಿ. ಮಹತ್ಕಾರ್ಯಗಳೂ ತಮ್ಮ ಕಾಲದ ಮಿತಿಯೊಳಗೇ ನಡೆಯುತ್ತವೆ ಎಂಬುದಕ್ಕೆ ಇದು ನಿದರ್ಶನ.

ಗೌರವಗಳು ಮತ್ತು ದೇಶದ ಗಮನ

1963ರಲ್ಲಿ ಸಮುದಾಯ ನಾಯಕತ್ವಕ್ಕಾಗಿ ನೀಡುವ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ತ್ರಿಭುವನದಾಸ ಪಟೇಲ್, ವರ್ಗೀಸ್ ಕುರಿಯನ್ ಮತ್ತು ದಾರಾ ಖುರೋಡಿ ಈ ಮೂವರಿಗೆ ಒಟ್ಟಾಗಿ ಸಂದಿತು. ಖುರೋಡಿ ಅವರು ಮುಂಬಯಿಯ ಹಾಲು ಆಯುಕ್ತರಾಗಿದ್ದವರು, ಗೋರೆಗಾಂವದ ಆರೇ ಹಾಲು ಕಾಲನಿಯ ಶಿಲ್ಪಿ. ಮುಂಬಯಿ ಯೋಜನೆಗೂ ಖೇಡಾ ಒಕ್ಕೂಟಕ್ಕೂ ನಡುವೆ ತಿಕ್ಕಾಟಗಳು ಕಡಿಮೆಯಿರಲಿಲ್ಲ. ಆದರೂ ಹಾಲು ಕೊಡುವ ಹಳ್ಳಿಯ ಇಬ್ಬರು ಮತ್ತು ಹಾಲು ಕುಡಿಯುವ ನಗರದ ಒಬ್ಬರು ಒಂದೇ ವೇದಿಕೆಯಲ್ಲಿ ಗೌರವ ಪಡೆದದ್ದು ಅರ್ಥಪೂರ್ಣವಾಗಿತ್ತು. 1964ರಲ್ಲಿ ಭಾರತ ಸರಕಾರ ತ್ರಿಭುವನದಾಸರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕಂಜರಿಯ ಪಶು ಆಹಾರ ಕಾರ್ಖಾನೆಯ ಉದ್ಘಾಟನೆಗೆ ಬಂದರು. ಆಗ ಅವರು ಅಜರಪುರ ಎಂಬ ಹಳ್ಳಿಯಲ್ಲಿ ಒಂದು ರಾತ್ರಿ ತಂಗಿ, ರೈತರೊಡನೆ ಮಾತನಾಡಿದರು. ಚರೋತರದ ಮಣ್ಣಾಗಲಿ, ಎಮ್ಮೆಯ ತಳಿಯಾಗಲಿ ವಿಶೇಷವಲ್ಲ, ಡೇರಿಯ ಒಡೆತನ ರೈತರಲ್ಲಿರುವುದೇ ವಿಶೇಷ ಎಂಬುದು ಅವರಿಗೆ ಮನದಟ್ಟಾಯಿತು. ಇದರ ಫಲವಾಗಿ 1965ರಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಅದರ ಕಚೇರಿ ದೆಹಲಿಯಲ್ಲಲ್ಲ, ಆನಂದ್‌ನಲ್ಲಿ. 1970ರಲ್ಲಿ ಆರಂಭವಾದ ಕ್ಷೀರಧಾರೆ ಯೋಜನೆ ಆನಂದ್ ಮಾದರಿಯನ್ನು ದೇಶದಾದ್ಯಂತ ಹಬ್ಬಿಸಿತು.

ಕರ್ನಾಟಕದಲ್ಲಿ ಹಾಲು ಸಹಕಾರ ಸಂಘದ ಬೀಜ 1955ರಲ್ಲಿಯೇ ಕೊಡಗಿನ ಕೂಡಿಗೆಯಲ್ಲಿ ಬಿದ್ದಿತ್ತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆನಂದ್ ಮಾದರಿಯ ಡೇರಿ ಅಭಿವೃದ್ಧಿ ಯೋಜನೆ ರಾಜ್ಯದಲ್ಲಿ ಆರಂಭವಾಯಿತು. ಅದೇ ಮುಂದೆ ಕರ್ನಾಟಕ ಹಾಲು ಮಹಾಮಂಡಳಿಯಾಗಿ, ನಂದಿನಿ ಎಂಬ ಹೆಸರಿನಿಂದ ಮನೆಮಾತಾಯಿತು. ಊರಿಗೆ ಹೋದಾಗ ನಮ್ಮ ಹಳ್ಳಿಗಳಲ್ಲಿ ಕಾಣುವ ಹಾಲಿನ ಡೇರಿ, ಅಲ್ಲಿನ ಸರದಿಯ ಸಾಲು, ಜಿಡ್ಡು ಅಳೆಯುವ ಪರೀಕ್ಷೆ ಇವೆಲ್ಲದರ ಹಿಂದೆ ಖೇಡಾದ ಆ ಹದಿನೈದು ದಿನಗಳಿವೆ.

1976ರಲ್ಲಿ ತೆರೆಕಂಡ ಶ್ಯಾಮ್ ಬೆನಗಲ್ ಅವರ ಮಂಥನ ಚಿತ್ರವನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ ನಿರ್ಮಿಸಿದ ಚಿತ್ರ ಅದು. ಹಳ್ಳಿಗೆ ಬಂದು ಹಾಲಿನ ಸಂಘ ಕಟ್ಟುವ ಪಶುವೈದ್ಯ ಡಾ. ರಾವ್ ಪಾತ್ರವನ್ನು ಮಾಡಿದವರು ನಮ್ಮ ಗಿರೀಶ ಕಾರ್ನಾಡರು. ಚಿತ್ರದ ಕೊನೆಯಲ್ಲಿ ಹೊರಗಿನಿಂದ ಬಂದ ಅಧಿಕಾರಿ ಹೊರಟುಹೋಗುತ್ತಾನೆ, ಸಂಘವನ್ನು ಊರಿನವರೇ ಮುಂದುವರಿಸುತ್ತಾರೆ. ಆ ಊರಿನವರ ನಿಜ ಜೀವನದ ಪ್ರತಿನಿಧಿಯಾಗಿ ತ್ರಿಭುವನದಾಸರನ್ನು ನಾವು ಕಾಣಬಹುದು.

ಕುರ್ಚಿಯಿಂದ ಇಳಿದ ಬಗೆ

ತ್ರಿಭುವನದಾಸರು ಕಾಂಗ್ರೆಸ್ ಪಕ್ಷದವರು, ಗುಜರಾತ್ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು, 1967ರಿಂದ 1974ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದವರು. ಹಾಗಿದ್ದೂ ಒಕ್ಕೂಟವನ್ನು ಪಕ್ಷದ ಅಂಗಳವಾಗಲು ಬಿಡಲಿಲ್ಲ ಎಂಬುದು ಅವರ ದೊಡ್ಡ ಗುಣ. ಸಹಕಾರ ಕ್ಷೇತ್ರ ರಾಜಕೀಯದ ಮೆಟ್ಟಿಲಾದುದನ್ನು ಪಶ್ಚಿಮ ಭಾರತದಲ್ಲಿ ನೆಲೆಸಿದ ನಾವು ಕಣ್ಣಾರೆ ಕಂಡಿದ್ದೇವೆ. ಅದಕ್ಕಾಗಿಯೇ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಅಧ್ಯಕ್ಷರಾಗಿದ್ದು, 1970ರ ದಶಕದ ಆರಂಭದಲ್ಲಿ ಅವರು ತಾವಾಗಿಯೇ ಆ ಸ್ಥಾನವನ್ನು ತ್ಯಜಿಸಿದರು. ಸೋತು ಇಳಿಯಲಿಲ್ಲ, ಯಾರೂ ಇಳಿಸಲೂ ಇಲ್ಲ. ಹಳ್ಳಿ ಸಂಘಗಳ ಸದಸ್ಯರು ತಲಾ ಒಂದೊಂದು ರೂಪಾಯಿ ಕೂಡಿಸಿ ಅವರಿಗೆ ನಿಧಿಯೊಂದನ್ನು ಅರ್ಪಿಸಿದರು. ಆ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಅದನ್ನು ಮೂಲಧನವಾಗಿರಿಸಿ 1975ರಲ್ಲಿ ತ್ರಿಭುವನದಾಸ ಪ್ರತಿಷ್ಠಾನ ಎಂಬ ಧರ್ಮಸಂಸ್ಥೆ ಸ್ಥಾಪನೆಯಾಯಿತು. ಖೇಡಾದ ತಾಯಂದಿರು ಮತ್ತು ಮಕ್ಕಳ ಆರೋಗ್ಯವೇ ಅದರ ಕ್ಷೇತ್ರ.

ಈ ಆಯ್ಕೆಯ ಹಿಂದೆ ನೋವಿನ ಒಂದು ಸತ್ಯವಿತ್ತು. ಹಳ್ಳಿಯ ಎಮ್ಮೆಗೆ ಕಾಯಿಲೆಯಾದರೆ ಒಕ್ಕೂಟದ ಪಶುವೈದ್ಯರು ವಾಹನದಲ್ಲಿ ಮನೆಬಾಗಿಲಿಗೆ ಬರುತ್ತಿದ್ದರು. ಅದೇ ಮನೆಯ ಬಾಣಂತಿಗೆ, ಹಸುಳೆಗೆ ಕಾಯಿಲೆಯಾದರೆ ಬರುವವರಿರಲಿಲ್ಲ. ಹಾಲಿನ ಸಂಘವೇ ಕೊಟ್ಟ ಮಾದರಿಯನ್ನು ಪ್ರತಿಷ್ಠಾನ ಅನುಸರಿಸಿತು. ಹಳ್ಳಿಯವರೇ ಆದ ಆರೋಗ್ಯ ಕಾರ್ಯಕರ್ತೆಯನ್ನು ಹಾಲಿನ ಸಂಘದ ಮೂಲಕವೇ ನೇಮಿಸುವುದು, ಆಕೆಗೆ ತರಬೇತಿ ಕೊಡುವುದು, ಕೂಸುಗಳ ತೂಕ ನೋಡುವುದು, ಗರ್ಭಿಣಿಯರನ್ನು ಕಂಡು ಸಲಹೆ ನೀಡುವುದು, ಕಷ್ಟದ ಹೆರಿಗೆಯನ್ನು ಆಸ್ಪತ್ರೆಗೆ ಸಾಗಿಸುವುದು. ಕಾಲಕ್ರಮದಲ್ಲಿ ಈ ಸೇವೆ ಆರುನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಹಬ್ಬಿತು. ಎಮ್ಮೆಯಿಂದ ಆರಂಭವಾದ ಕಾಳಜಿ ತಾಯಿಯ ಬಳಿ ಬಂದು ನಿಂತಿತು.

1994ರ ಜೂನ್ 3ರಂದು ತ್ರಿಭುವನದಾಸರು ದಿವಂಗತರಾದರು. ಆಗ ಅವರಿಗೆ ತೊಂಬತ್ತು ವರ್ಷ. ನಾಲ್ಕು ವರ್ಷಗಳ ನಂತರ, 1998ರಲ್ಲಿ, ಭಾರತ ಹಾಲಿನ ಉತ್ಪಾದನೆಯಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೇರಿತು. ಅದನ್ನು ಕಾಣಲು ಅವರಿರಲಿಲ್ಲ. ಕುರಿಯನ್ ಅವರು 2012ರಲ್ಲಿ ತೀರಿಕೊಂಡ ಮೇಲೆ ಅವರ ಜನ್ಮದಿನ ರಾಷ್ಟ್ರೀಯ ಹಾಲು ದಿನವಾಯಿತು. ತ್ರಿಭುವನದಾಸರ ಹೆಸರಿಗೆ ರಾಷ್ಟ್ರಮಟ್ಟದ ಸ್ಮಾರಕವೊಂದು ದೊರೆತದ್ದು ಬಹಳ ತಡವಾಗಿ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಂತೆ ಆನಂದ್‌ನ ಗ್ರಾಮೀಣ ನಿರ್ವಹಣಾ ಸಂಸ್ಥೆಯೇ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವಾಗಿ ರೂಪುಗೊಂಡಿತು. ಸಹಕಾರವನ್ನೇ ವಿದ್ಯೆಯಾಗಿ ಕಲಿಸುವ ಸಂಸ್ಥೆಗೆ ಅವರ ಹೆಸರಿಟ್ಟದ್ದು ಸಮುಚಿತವಾಗಿದೆ.

ಹೊರನಾಡಿನಲ್ಲಿ ಕನ್ನಡದ ಹೆಸರಿನಲ್ಲಿ ಕೂಡಿದ ನಮಗೆ ಸಂಘ ಎಂಬ ಪದ ಚಿರಪರಿಚಿತ. ಸಭಾಭವನ ಕಟ್ಟುವುದು, ಶಾಲೆ ನಡೆಸುವುದು, ಪತ್ತಿನ ಸಹಕಾರಿಯೊಂದನ್ನು ಆರಂಭಿಸುವುದು ನಮ್ಮ ಹಿರಿಯರು ಮಾಡಿಕೊಂಡು ಬಂದ ಕೆಲಸಗಳು. ಅಧ್ಯಕ್ಷಪದವಿಗೆ ಸ್ಪರ್ಧೆ ಇರುವಷ್ಟು ಸಾಮಾನ್ಯ ಸದಸ್ಯತನಕ್ಕೆ ಉತ್ಸಾಹ ಕಾಣದ ದಿನಗಳಿವು. ತ್ರಿಭುವನದಾಸರ ಬದುಕು ಈ ವಿಷಯದಲ್ಲಿ ನಮಗೆ ಮೂರು ಸಂಗತಿಗಳನ್ನು ತೋರಿಸಿಕೊಡುತ್ತದೆ. ಸದಸ್ಯನ ಮನೆಬಾಗಿಲಿಗೆ ಹೋಗದೆ ಸಂಘ ಕಟ್ಟಲಾಗದು. ಬಲ್ಲವರನ್ನು ಕರೆತಂದ ಮೇಲೆ ಅವರನ್ನು ನಂಬಬೇಕು. ಕೆಲಸ ನೆಲೆಗೊಂಡ ಮೇಲೆ ಕುರ್ಚಿಯನ್ನು ಬಿಟ್ಟುಕೊಡಬೇಕು. ಈ ಮೂರರಲ್ಲಿ ಕೊನೆಯದೇ ಕಠಿಣವಾದುದು, ಮತ್ತು ಅದನ್ನು ಮಾಡಿದವರ ಹೆಸರನ್ನೇ ಲೋಕ ಬೇಗ ಮರೆಯುತ್ತದೆ. ಹಾಗೆ ಮರೆಯಬಾರದ ಒಂದು ಹೆಸರನ್ನು ನಮ್ಮ ಓದುಗರ ಮುಂದಿಟ್ಟ ತೃಪ್ತಿ ನಮ್ಮದು.